ಬಿಡದ ಅಂಟು

ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗಿ ಪುಟ್ಟಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಹೊಟ್ಟೆಯಲ್ಲಿ ಮುಕ್ಕಾಲು ಪಾಲು, ಮೈಯಲ್ಲಿ ಹದಿನಾರು ಕಿಲೋ, ಒಂದು ಸ್ಕೂಟರ್, ಒಂದು ಆರಾಮಕುರ್ಚಿ, ಮತ್ತು ನಿನ್ನ ಅತ್ತಿಗೆಯ ನಗು. ಕೊನೆಯದು ಮೊನ್ನೆ ವಾಪಸ್ ಬಂತು. ಉಳಿದವು ಹೋದ ಹಾಗೆಯೇ. ಕಾಗದ ತಡವಾಯಿತೆಂದು ಬೈಯಬೇಡ. ಕೆಟ್ಟ ಸುದ್ದಿ ಬರೆಯಲು ಮನಸ್ಸಿರಲಿಲ್ಲ, ಒಳ್ಳೆಯದನ್ನು ನಂಬಲು ಧೈರ್ಯವಿರಲಿಲ್ಲ.

ನನ್ನ ಹೊಟ್ಟೆಯ ಕ್ಯಾನ್ಸರ್ ಗಡ್ಡೆ ತೆಗೆದದ್ದು ನಿನಗೆ ಗೊತ್ತು. ಅದು ಮೈಯೆಲ್ಲ ಹರಡುವ ಜಾತಿಯದೋ, ಕೂತಲ್ಲೇ ಕೂರುವುದೋ ಎಂದು ತಿಳಿಯಲು ತುಣುಕನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಬರುವವರೆಗೆ ಸುಮ್ಮನಿರುವ ಜನ್ಮ ನನ್ನದಲ್ಲ. ಚಪ್ಪಲಿ ಅಂಗಡಿಯವನು, ಸೀಸನ್ ಮುಗಿಯುವ ಮುಂಚೆ ಸ್ಟಾಕ್ ಖಾಲಿ ಮಾಡಿ ಅಭ್ಯಾಸ. ಸ್ಕೂಟರನ್ನು ಭಾವಮೈದುನನಿಗೆ, ಕುರ್ಚಿಯನ್ನು ಪಕ್ಕದ ಮನೆಯ ಮೇಷ್ಟ್ರಿಗೆ ಕೊಟ್ಟುಬಿಟ್ಟೆ. ಮೇಷ್ಟ್ರು ಕಣ್ಣೀರು ಹಾಕಿದರು. ಕುರ್ಚಿಯನ್ನು ಮಾತ್ರ ಅಂದೇ ಹೊತ್ತುಕೊಂಡು ಹೋದರು.

ಮೊನ್ನೆ ಡಾಕ್ಟರಮ್ಮ ವರದಿ ಬಿಚ್ಚಿದರು. "ನೋಡಿ ಯಜಮಾನ್ರೇ, ಮುಂದೇನಾಗ್ಬಹುದು ಅಂತ ಹೇಳೋ ಗುರುತುಗಳಿರತ್ವೆ, ಮಾರ್ಕರ್ ಅಂತೀವಿ. ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿಡೋ ಪ್ರೋಟೀನ್ ಅದ್ರಲ್ಲೊಂದು. ಅದು ಹೋದ್ರೆ ಕೋಶಗಳು ಬಿಟ್ಕೊಂಡು ಊರು ಸುತ್ತಕ್ಕೆ ಹೊರಡತ್ವೆ. ನಿಮ್ಮ ಗಡ್ಡೇಲಿ ಗಟ್ಟಿಯಾಗೇ ಇದೆ. ಬೇರೆ ಗುರುತುಗಳೂ ಚೆನ್ನಾಗಿವೆ. ಹರಡೋ ಸಾಧ್ಯತೆ ಕಡಿಮೆ."

"ಅಂದ್ರೆ ಅಂಟು ಬಿಟ್ಟಿಲ್ಲ, ಅಟ್ಟೆ ಕಿತ್ತಿಲ್ಲ ಅನ್ನಿ! ಗ್ಯಾರಂಟಿ ಕೊಡ್ತೀರಾ?"

"ನಿಮ್ಮ ಚಪ್ಪಲಿಗೆ ನೀವು ಕೊಡ್ತೀರಾ?"

"ಆರು ತಿಂಗಳು. ನೀರಲ್ಲಿ ನೆನೆಸಿದ್ರೆ ಇಲ್ಲ."

"ನಂದು ಮೂರೇ ತಿಂಗಳು. ಪ್ರತಿ ಸಲ ಬಂದು ತೋರಿಸಿದ್ರೆ ಮಾತ್ರ."

ವ್ಯಾಪಾರ ಅಂದರೆ ಇದು! ನಿನ್ನ ಅತ್ತಿಗೆ ಅಲ್ಲೇ ನಕ್ಕಳು, ನಗುತ್ತಲೇ ಅತ್ತಳು. ಮೆಟ್ಟಿಲಿಳಿಯುವಾಗ, "ಮೊದ್ಲು ಹೋಗಿ ಆ ಕುರ್ಚಿ ತಗೊಂಬನ್ನಿ" ಎಂದಳು. ಹೋದೆ. ಮೇಷ್ಟ್ರು ಕುರ್ಚಿಯಿಂದ ಏಳದೆಯೇ ಎರಡೂ ಕೈ ಚಾಚಿ, "ಉಳ್ಕೊಂಡ್ರಲ್ಲ ಸಾಹುಕಾರ್ರೇ, ಅದೇ ದೊಡ್ಡದು! ಕೂತ್ಕೊಳ್ಳಿ" ಎಂದು ಸ್ಟೂಲು ತೋರಿಸಿದರು. ಸತ್ತವನ ಆಸ್ತಿ ಕೇಳಲು ಸತ್ತವನೇ ಹೋದರೆ ಹೀಗೆಯೇ. ದಾರಿಯುದ್ದಕ್ಕೂ ಒಬ್ಬನೇ ನಕ್ಕೆ; ಹೊಲಿಗೆ ಎಳೆಯಿತು, ಆದರೂ ನಕ್ಕೆ.

ಮಕ್ಕಳಿಗೆ ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಣ್ಣ

ತಾ.ಕ.: ಹೊಟ್ಟೆ ತಣ್ಣಗಿರಲಿ ಎಂದು ಸುಮ್ಮನೆ ಬರೆಯಲಿಲ್ಲ. ನಿನ್ನ ಹಿಂದಿನ ಕಾಗದದಲ್ಲಿ ಎರಡು ತಮಾಷೆಗಳ ನಡುವೆ "ಊಟ ಆದ್ಮೇಲೆ ಸ್ವಲ್ಪ ಉರಿ, ಅಷ್ಟೇ" ಎಂದಿದ್ದೀಯ. ಅಮ್ಮನೂ ಕೊನೆಯವರೆಗೆ ನಗುನಗುತ್ತ ಇದನ್ನೇ ಹೇಳುತ್ತಿದ್ದಳು: "ಉರಿ ಅಷ್ಟೇ ಕಣೋ." ಅಮ್ಮನ ಅಂಟು ಬಿಟ್ಟಿತ್ತೋ ಏನೋ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಅವರ ತುಣುಕು ಯಾರೂ ತೆಗೆದು ನೋಡ್ಲೇ ಇಲ್ವಲ್ಲ" ಎಂದರು. ಆಗ ನಿನ್ನ ವಿಷಯ ಹೇಳಿದೆ. ಈ ಗುರುವಾರ ಬಿಟ್ಟು ಮುಂದಿನ ಗುರುವಾರಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಬಾಯಿಂದ ಕೊಳವೆ ಇಳಿಸಿ ನೋಡುತ್ತಾರೆ, ಸ್ವಲ್ಪ ಹೊತ್ತಿನ ಕೆಲಸ. ತಮಾಷೆ ಸಾಕು, ಬಾ.

ಲೆಕ್ಕ ಮುಗಿಸುತ್ತೇನೆ. ಭಾವಮೈದುನನಿಗೆ ಸ್ಕೂಟರ್. ಮೇಷ್ಟ್ರಿಗೆ ಕುರ್ಚಿ. ನಿನ್ನ ಅತ್ತಿಗೆಗೆ ಗಂಡ. ನನಗೆ ಕಾಲು ಹೊಟ್ಟೆ, ಮೂರು ತಿಂಗಳ ಗ್ಯಾರಂಟಿ. ನಿನಗೆ ಒಂದು ಗುರುವಾರ. ಅಮ್ಮನಿಗೆ ಏನೂ ಸಿಗಲಿಲ್ಲ.