ಪರೀಕ್ಷೆಯ ದಿನದ ಶೂಟಿಂಗ್

ಶರತ್,

ನೀನು ಓದು ಬಿಟ್ಟದ್ದು ನನ್ನಿಂದ. ಕೊನೆಯ ಪರೀಕ್ಷೆಯ ದಿನ, ಭತ್ತದ ನಾಟಿ ಹಾಕುವ ಹೆಂಗಸರ ದುಡಿಮೆಯ ಬಗ್ಗೆ ನಾವು ತೆಗೆಯುತ್ತಿದ್ದ ಚಿತ್ರಕ್ಕೆ ಮೈಕ್ ಹಿಡಿಯಲು ನಿನ್ನನ್ನು ಚುಂಚನಕಟ್ಟೆಯ ಗದ್ದೆಗೆ ಎಳೆದುಕೊಂಡು ಹೋದೆ. ಕೂಲಿಯವರ ಹಕ್ಕಿನ ಬಗ್ಗೆ ಅಷ್ಟೊಂದು ಕರಪತ್ರ ಓದಿದ ನಾನೇ ನಿನ್ನ ದುಡಿಮೆಗೆ ಸ್ನೇಹ ಅಂತ ಹೆಸರಿಟ್ಟೆ.

ಇವತ್ತು ಅದೇ ಗದ್ದೆಗೆ ಒಬ್ಬನೇ ಹೋಗಿದ್ದೆ. ಒಬ್ಬನ ಕೈಯಲ್ಲಿ ಕ್ಯಾಮೆರಾ, ಮೈಕ್ ಎರಡೂ ನೆಟ್ಟಗೆ ನಿಲ್ಲಲಿಲ್ಲ. ನಾಟಿ ಹಾಕುತ್ತಿದ್ದ ಜಯಲಕ್ಷ್ಮಮ್ಮ ಕೇಳಿದರು:

“ನಿನ್ ಜೊತೆಗಾರ ಎಲ್ಲಿ ಕಣ್ಲಾ?”

“ಪರೀಕ್ಷೆ ಐತೆ ಕಣಮ್ಮ,” ಅಂತ ಸುಳ್ಳು ಹೇಳಿದೆ.

“ಅವತ್ತೂ ಐತೆ ಅಂತಿದ್ದ. ನೀನು ಬುಡ್ಲಿಲ್ವಲ್ಲ.”

ಹೆಂಗಸರು ನಕ್ಕರು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿದೆ.

ಈ ಕಾಗದ ಕಳಿಸಲು ವಿಳಾಸವಿಲ್ಲ. ನೀನು ಎಲ್ಲಿದ್ದೀಯ ಅಂತ ನಿನ್ನ ಮನೆಯವರು ನನಗೆ ಹೇಳುವುದಿಲ್ಲ. ಮರುಪರೀಕ್ಷೆಗೆ ಅರ್ಜಿ ಹಾಕಲು ಸೋಮವಾರವೇ ಕೊನೆಯ ದಿನ. ಅರ್ಜಿ ಹಾಕಲು ನೀನು ಬಂದರೂ ಬರಬಹುದು ಅಂತ, ಅವತ್ತು ಬೆಳಿಗ್ಗೆ ಒಂಬತ್ತಕ್ಕೆ, ನೀನು ಕಾಲೇಜಿಗೆ ಬಸ್ ಹತ್ತುತ್ತಿದ್ದ ಕೆ.ಆರ್. ನಗರ ಬಸ್ ನಿಲ್ದಾಣದಲ್ಲಿ ಇರುತ್ತೇನೆ.