ಬಿಸಿಲು ತಾಳದ ನೊಣಗಳು

ಬೆಳಗೊಳ
೧೭ ನವೆಂಬರ್ ೨೦೨೪

ಪ್ರೀತಿಯ ಪ್ರಮೀಳಾಗೆ,

ಹೇಗಿದ್ದೀಯ? ಅಕ್ಕನ ಮಂಡಿನೋವು ಕಡಿಮೆಯಾಯಿತೇ? ನಿನಗೆ ತಾಯಿಯಾಗುವ ಮೊದಲೇ ಅವಳು ನನಗೆ ಅಕ್ಕ, ಹಾಗಾಗಿ ಕೇಳುತ್ತೇನೆ. ನಿನ್ನ ತಮ್ಮ ಕರಿಯಪ್ಪನಿಗೆ ಸಕ್ಕರೆ ಕಾಯಿಲೆಯಂತೆ, ಕಿಕ್ಕೇರಿ ಬಸ್ಸಿನಲ್ಲಿ ಸಿಕ್ಕವರು ಹೇಳಿದರು. ಬೆಳಗಿನ ಹೊತ್ತು ನಡೆಯಲು ಹೇಳು. ನಾನು ಚೆನ್ನಾಗಿದ್ದೇನೆ. ಒಬ್ಬನಿಗೆ ಎಷ್ಟು ಹಿಟ್ಟು ಹಾಕಬೇಕೆಂಬ ಅಂದಾಜು ಮಾತ್ರ ನೀನು ಹೋಗಿ ಇಪ್ಪತ್ತೆರಡು ವರ್ಷವಾದರೂ ಬಂದಿಲ್ಲ, ದಿನಾ ಒಂದು ಮುದ್ದೆ ಮಿಕ್ಕುತ್ತದೆ. ಹಬ್ಬಕ್ಕೊಂದರಂತೆ ಬರೆದ ನನ್ನ ಕಾಗದಗಳಿಗೆ ನೀನು ಉತ್ತರ ಹಾಕಲಿಲ್ಲ. ಇದನ್ನಾದರೂ ಕೊನೆಯವರೆಗೆ ಓದು.

ಎರಡು ವರ್ಷದಿಂದ ಶ್ರೀರಂಗಪಟ್ಟಣದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಏನು ಕೆಲಸವೆಂದರೆ ನಗುತ್ತೀಯ, ನೊಣಗಳಿಗೆ ಅಡುಗೆ. ಕಳಿತ ಬಾಳೆಹಣ್ಣಿನ ಮೇಲೆ ಕೂರುತ್ತವಲ್ಲ, ಎಳ್ಳಿನಷ್ಟಿರುವ ಹಣ್ಣಿನ ನೊಣಗಳು, ಅವಕ್ಕೆ ರವೆ ಬೆಲ್ಲ ಬೇಯಿಸಿ ಬಾಟಲಿಗೆ ಹುಯ್ದು ಹತ್ತಿ ಮುಚ್ಚಿಡಬೇಕು. ಅಲ್ಲಿ ಸಂಶೋಧನೆ ಮಾಡುವ ಸಿಂಚನ ಎಂಬ ಹುಡುಗಿ ಒಮ್ಮೆ ನನ್ನ ಬುತ್ತಿಯ ಉಪ್ಪಿಟ್ಟು ತಿಂದು, “ನೊಣದ ಊಟವೇ ವಾಸಿ ಕಣ್ ತಾತ” ಅಂದಳು. ಇಡೀ ದಿನದಲ್ಲಿ ನನ್ನನ್ನು ಮಾತಾಡಿಸುವವಳು ಅವಳೊಬ್ಬಳೇ. ನನ್ನದು ಮೂರನೇ ಕ್ಲಾಸು, ಮಿಕ್ಕದ್ದೆಲ್ಲ ಪೊಟ್ಟಣ ಕಟ್ಟಿದ ಪೇಪರು ಓದಿ ಕಲಿತದ್ದು. ಅವಳು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತೇನೆ.

ಹೋದ ತಿಂಗಳು ಒಂದು ಹೊಸ ತಳಿ ಬಂತು. ಗಂಡು ಹೆಣ್ಣು ಎರಡೂ ನೋಡಲು ಗಟ್ಟಿಮುಟ್ಟು. ಅವುಗಳ ಮರಿಹುಳಗಳ ಮೇಲೆ, ಬಿಸಿಲಿನಲ್ಲಿ ಇರುವಂಥದೇ ನೇರಳಾತೀತ ಬೆಳಕನ್ನು ಸಿಂಚನ ದೀಪದಿಂದ ಬಿಟ್ಟಳು. ನಾಲ್ಕರಲ್ಲಿ ಮೂರು ಪಾಲು ರೆಕ್ಕೆ ಬಂದು ಹಾರಾಡಿದವು. ಉಳಿದವು ಕಪ್ಪಾಗಿ ಬಾಟಲಿಯಲ್ಲೇ ಸತ್ತವು. ಎಲ್ಲ ಜೀವಿಗಳ ಒಳಗೂ ಡಿಎನ್‌ಎ ಎಂಬ ದಾರವಂತೆ, ಆ ಬೆಳಕಿಗೆ ಅದು ಎಲ್ಲರಲ್ಲೂ ಕೆಡುತ್ತದಂತೆ. ಕೆಟ್ಟ ತುಂಡನ್ನು ಕತ್ತರಿಸಿ ಹೊಸದನ್ನು ಹೊಸೆಯುವ ಕೆಲಸ ದೇಹದಲ್ಲೇ ನಡೆಯುತ್ತಿರುತ್ತದೆ. ಅದನ್ನು ಮಾಡಿಸುವ ವಂಶವಾಹಿ ಕೆಟ್ಟಿದ್ದರೆ ರಿಪೇರಿಯೇ ಇಲ್ಲ. ಮನುಷ್ಯರ ಮಕ್ಕಳಿಗೂ ಹೀಗಾಗುವುದುಂಟು, ಎಳವೆಯಲ್ಲೇ ಮುಖದ ತುಂಬ ಚುಕ್ಕೆ ಏಳುತ್ತವೆ, ಬೆಳಕಿಗೆ ಕಣ್ಣು ಬಿಡಲಾಗುವುದಿಲ್ಲ ಎಂದಳು. ನನ್ನ ಕೈಯ ಸೌಟು ಹಾಗೇ ನಿಂತಿತು. ಅವಳು ಹೇಳುತ್ತಿದ್ದುದು ನಮ್ಮ ಮಗ ಅಪ್ಪುವಿನ ಮುಖ.

ತಾಯಿಯಿಂದ ಬರುತ್ತದೆಯೇ ಎಂದು ಕೇಳಿದೆ. “ತಾಯಿದೊಂದು, ತಂದೆದೊಂದು ತಾತ. ಎರಡೂ ಕಡೆದು ಕೆಟ್ಟಿದ್ರೇನೇ ಮಗೀಗೆ ಬರಾದು” ಅಂದಳು. ಒಂದು ಸರಿಯಿದ್ದರೆ ಸಾಕು, ಅದಕ್ಕೇ ನಿನಗೂ ನನಗೂ ಏನೂ ಆಗಲಿಲ್ಲ. ರಕ್ತಸಂಬಂಧದಲ್ಲಿ ಕೊಟ್ಟು ತಂದರೆ ಇಂಥ ಜೋಡಿ ಸೇರುವುದು ಹೆಚ್ಚಂತೆ. ನಿನ್ನನ್ನು ಕಟ್ಟಿಕೊಂಡ ನಾನು ನಿನ್ನ ಸೋದರಮಾವನೆಂದು ಅವಳಿಗೆ ಹೇಳಲಿಲ್ಲ.

ಒಂಬತ್ತು ವರ್ಷದ ಮಗನನ್ನು ಮಣ್ಣು ಮಾಡಿ ಬಂದ ದಿನವೇ ನೆಂಟರೆದುರು ನಾನು ಅಂದದ್ದು ನಿನಗೆ ಮರೆತಿರುವುದಿಲ್ಲ. “ನೀನೇ ಕಣಮ್ಮಿ, ಕಳೆ ಕೀಳಕ್ಕೆ ಕರ್ಕೊಂಡೋಗಿ ನನ್ ಮಗೀನ ಬಿಸಿಲ್ಗಾಕ್ದೋಳು.” ನೀನು ತವರಿಗೆಂದು ಕಿಕ್ಕೇರಿ ಬಸ್ಸು ಹತ್ತಿದೆ. ಆ ಕಾಯಿಲೆಯಲ್ಲಿ ಅರ್ಧ ನನ್ನದು, ಪ್ರಮೀಳಾ.

ಅಕ್ಕನಿಗೆ ನನ್ನ ನಮಸ್ಕಾರ, ಕರಿಯಪ್ಪನ ಮಕ್ಕಳಿಗೆ ಆಶೀರ್ವಾದ ತಿಳಿಸು.

ನಿನ್ನ ಮಾವ,
ಕೆಂಪಣ್ಣ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕರಿಯಪ್ಪನ ಮದುವೆಗೆ ನೀನು ಎಂಟು ದಿನ ಮುಂಚೆ ಹೋದಾಗ ಅಪ್ಪು ನನ್ನ ಬಳಿ ಇದ್ದ. ಬಿಸಿಲು ಸೋಕಿಸಬೇಡಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರೂ, ಗಂಡುಹುಡುಗ ಮೂಲೆಯಲ್ಲಿ ಕೂತರೆ ಬಲಿಯುವುದಿಲ್ಲವೆಂದು, ತಲೆಯ ಟವೆಲ್ ಕಿತ್ತು ದಿನಾ ಮಧ್ಯಾಹ್ನ ನಾಲೆ ಏರಿಯ ಮೇಲೆ ನಡೆಸಿದೆ. “ಟವಲ್ ಕೊಡಪ್ಪೋ, ಕಣ್ಣುರೀತದೆ” ಎನ್ನುತ್ತಲೇ ಇದ್ದ. ಕೊಡಲಿಲ್ಲ. ನೀನು ಬಂದು ಗುಳ್ಳೆ ನೋಡಿ ಕೇಳಿದಾಗ ಹುಳ ಮುಟ್ಟಿರಬೇಕು ಅಂದೆ. ಅವನು ನನ್ನ ಮುಖ ನೋಡಿ ಸುಮ್ಮನಾದ. ಅವನ ಜೀವ ತೆಗೆದ ಮೂಗಿನ ಹುಣ್ಣು ಎದ್ದದ್ದು ಆಮೇಲೆ. ನೀನು ಹೊಲಕ್ಕೆ ಕರೆದೊಯ್ದದ್ದು ಒಂದೇ ದಿನ. ನನ್ನ ವಿಳಾಸ ಬರೆದ ಕಾರ್ಡು ಇದರೊಳಗಿದೆ. ಬೈದಾದರೂ ಸರಿ, ಬೇಗ ಬರೆದು ಹಾಕು.