ಮೇಲೆ ಅಂದರೆ ಮೇಲೆ

ರೀ,

ಮಗಳ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತೆ ತಲೆಕೆಳಗಾಗಿಯೇ ಕೂತಿದೆ. ಅದಕ್ಕೆ ಗಾಳಿ ತುಂಬುವ ಮೂತಿ ಮೇಲಕ್ಕಿರಲಿ ಅಂತ ನಿನ್ನೆ ಬಾಯಿ ಬಡ್ಕೊಂಡೆ. "ಮೇಲಕ್ಕೇ ಇದೆಯಲ್ಲೇ, ಕಣ್ಣು ಕಾಣಲ್ವಾ?" ಅಂದಿರಿ. ಇತ್ತು, ಒಪ್ಪಿದೆ. ಆದರೆ ಆಗ ಸೈಕಲ್ಲೇ ಚಕ್ರ ಮೇಲೆ ಮಾಡ್ಕೊಂಡು ಬಿದ್ದಿತ್ತು. ನೆಟ್ಟಗೆ ನಿಲ್ಲಿಸಿದ ಮೇಲೆ ಮೂತಿ ಎಲ್ಲಿಗೆ ಹೋಗುತ್ತೆ, ಮಹಾರಾಯರೇ?

ಬೆಳಿಗ್ಗೆ ನಾನೇ ಸೀಟಿನ ಮೇಲೆ ಕೂತು ಒಂದು ಸಲ ಕುಕ್ಕಿ ನೋಡಿದೆ. ಮೂತಿ ಸೈಕಲ್ಲಿನ ಕೆಳಗಿನ ಕೊಳವೆಗೆ ಟಕ್ ಅಂತ ಬಡಿಯಿತು. ಸಂಜೆ ಅವಳು ಗುಡ್ಡ ಇಳಿಯುವಾಗ ಅದು ಮುರಿದು ಗಾಳಿ ಹೋದರೆ ಗತಿ ಏನು? ನಿಮ್ಮ ಹಾಗೇ ಅವಳಿಗೂ ಬ್ರೇಕ್ ಹಿಡಿದು ಗೊತ್ತಿಲ್ಲ.

ಎರಡೂ ಬೋಲ್ಟು ಬಿಚ್ಚಿ, ಶಾಕ್ ಹೊರಳಿಸಿ, ಗಟ್ಟಿಯಾಗಿ ಬಿಗಿಯಿರಿ. ಸೈಕಲ್ ನಿಂತ ಹಾಗೇ ಇರಲಿ. ಅದಕ್ಕೇ ಕಿಟಕಿ ಸರಳಿಗೆ ಕಟ್ಟಿದ್ದೇನೆ, ಹಗ್ಗ ಮುಟ್ಟಬೇಡಿ. ಆಮೇಲೆ ನೀವೇ ಕೂತು ಕುಕ್ಕಿ ನೋಡಿ. ಟಕ್ ಅಂದರೆ ಅವಳನ್ನು ಕಳಿಸಬೇಡಿ, ಎಷ್ಟು ಮುಖ ಊದಿಸಿಕೊಂಡರೂ ಸರಿ. ಅಮ್ಮ ಬೇಡ ಅಂದಳು ಅನ್ನಿ, ಬೈಸಿಕೊಳ್ಳೋಕೆ ನಾನಿದ್ದೇನೆ.

ಅನುಮಾನ ಬಂದರೆ ಕತ್ತೆತ್ತಿ ನೋಡಿ. ಫ್ಯಾನ್ ಇರುವ ಕಡೆಯೇ ಮೇಲೆ.

ಊಟ ಒಲೆಯ ಮೇಲಿದೆ. ಹುಡುಕೋಕೆ ಬಗ್ಗಬೇಡಿ.